ಪೂಜೆಗೆ ಕೂತ ಪುಸ್ತಕ

ತರೀಕೆರೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು ಕಲಾವಿದರು ಮಾಡಿದ ಅಪರೂಪದ ಪುಸ್ತಕಗಳನ್ನು ಕೂಡಿಡುತ್ತಾನೆ ಎಂದರೆ ಜನ ಇನ್ನೊಮ್ಮೆ ಹೇಳಿಸುತ್ತಾರೆ. ಆಮೇಲೆ ‘ಓದೋಕಾ?’ ಎನ್ನುತ್ತಾರೆ. ಓದೋಕಲ್ಲ ಎಂದು ವಿವರಿಸಿ ಸಾಕಾಗಿ ಈಗ ‘ಹೂಂ’ ಎಂದುಬಿಡುತ್ತೇನೆ. ಒಂದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಕಿಟಕಿಯ ಫೋಟೋ. ಇನ್ನೊಂದರಲ್ಲಿ ಪುಟಸಂಖ್ಯೆ ಬಿಟ್ಟರೆ ಏನೂ ಇಲ್ಲ. ಎಲ್ಲವೂ ಮಲಗುವ ಕೋಣೆಯ ಬೀರುವಿನಲ್ಲಿವೆ. ಗೆದ್ದಲು, ತೇವ, ನೆಂಟರು: ಇವುಗಳ ಭಯದಲ್ಲೇ ನನ್ನ ಸಂಸಾರ ನಡೆಯುತ್ತದೆ.

ಅವುಗಳಲ್ಲಿ ನನ್ನ ಜೀವವೇ ಎನ್ನಬಹುದಾದದ್ದು ಒಂದು ತೆಳುವಾದ ಬಿಳಿಯ ಪುಸ್ತಕ. ತೆರೆದರೆ ಎಲ್ಲ ಪುಟಗಳೂ ಖಾಲಿ. ಪ್ರತಿ ಹಾಳೆಯನ್ನೂ ಮಡಚಿ, ಮಡಿಕೆ ಹೊರಗೆ ಬರುವಂತೆ ಹೊಲಿದಿದ್ದಾರೆ. ಫೋಟೋಗಳು ಇರುವುದು ಮಡಿಕೆಯ ಒಳಮೈಯಲ್ಲಿ. ನೋಡಬೇಕಾದರೆ ಅಂಚನ್ನು ಸೀಳಬೇಕು. ಸೀಳಿದರೆ ಫೋಟೋ ಸಿಗುತ್ತದೆ, ಪುಸ್ತಕ ಹೋಗುತ್ತದೆ. ಕಲಾವಿದನ ಆಟವೇ ಅದು. ನಾನೋ, ಹೋಟೆಲಿನಲ್ಲಿ ಇಡ್ಲಿಯೋ ದೋಸೆಯೋ ಎಂದು ಕೇಳಿದರೂ ಬೆವರುವವನು. ಹಾಗಾಗಿ ಸೀಳದ ಪ್ರತಿ ನನ್ನಲ್ಲೇ ಉಳಿದುಬಂದಿತ್ತು.

ಕಳೆದ ದಸರೆಗೆ ಮುಂಚೆ ಬೆಂಗಳೂರಿನಿಂದ ಒಬ್ಬ ಮಹಿಳೆ ಫೋನು ಮಾಡಿದರು. ಇಂಥ ಪುಸ್ತಕಗಳದ್ದೇ ಒಂದು ಪ್ರದರ್ಶನ ಮಾಡುತ್ತಿದ್ದಾರಂತೆ. ಸೀಳದ ಪ್ರತಿಯೇ ಬೇಕಂತೆ. ವಿಜಯದಶಮಿಯ ಮರುದಿನ ಚಿಕ್ಕಮಗಳೂರಿನಿಂದ ವಾಪಸಾಗುವಾಗ ಕಡೂರಿನಲ್ಲಿ ತೆಗೆದುಕೊಳ್ಳುತ್ತೇನೆ ಎಂದರು. ಇಷ್ಟು ವರ್ಷಗಳಲ್ಲಿ ನನ್ನ ಹುಚ್ಚನ್ನು ಹುಚ್ಚು ಅನ್ನದ ಮೊದಲ ಮನುಷ್ಯರು ಅವರು. ಕೊಡುತ್ತೇನೆ ಎಂದುಬಿಟ್ಟೆ. ನವರಾತ್ರಿಯ ನಡುವೆ ಒಂದು ಬೆಳಿಗ್ಗೆ ಪುಸ್ತಕವನ್ನು ಬೀರುವಿನಿಂದ ತೆಗೆದು ಕಾಗದದಲ್ಲಿ ಸುತ್ತಿ, ಮೇಜಿನ ಮೇಲಿಟ್ಟು ಅಂಗಡಿಗೆ ಹೋದೆ.

ಅಂದು ಸರಸ್ವತಿ ಪೂಜೆ. ಮಧ್ಯಾಹ್ನ ಊಟಕ್ಕೆ ಬಂದರೆ ದೇವರ ಮುಂದಿನ ಮಣೆಯ ಮೇಲೆ ಪುಸ್ತಕಗಳ ಸಾಲು. ತುತ್ತತುದಿಯಲ್ಲಿ ನನ್ನದು. ಬಿಳಿಯ ಮುಖಪುಟದ ನಡುವೆ ಒದ್ದೆ ಕುಂಕುಮ, ಪಕ್ಕದಲ್ಲಿ ಅರಿಶಿನ, ಮೇಲೊಂದು ನೀರು ಒಸರುವ ಸೇವಂತಿಗೆ. ಒಂದು ಗೇಣು ದೂರದಲ್ಲಿ ಎಣ್ಣೆ ದೀಪ.

‘ಅಮ್ಮ, ಅದನ್ಯಾಕೆ ಇಟ್ಟೆ?’

‘ನೀನು ಜೀವ ಬಿಡೋದು ಅದಕ್ಕೇ ತಾನೆ? ಅದಕ್ಕೇ ಬಿಚ್ಚಿ ಇಟ್ಟೆ. ದೇವರ ಮುಂದೆ ಪೊಟ್ಣ ಇಡ್ತಾರೇನೋ?’

ಹೂವನ್ನಾದರೂ ತೆಗೆಯೋಣವೆಂದು ಕೈ ನೀಡಿದೆ. ‘ಮುಟ್ಬೇಡ. ದಶಮಿವರೆಗೆ ಕದಲಿಸಬಾರದು.’

ಆಮೇಲಿನ ದಿನಗಳಲ್ಲಿ ನಾನು ಅಂಗಡಿಗಿಂತ ಹೆಚ್ಚು ದೇವರ ಮುಂದೆಯೇ ಇದ್ದೆ. ದೀಪ ಅಲುಗಿದರೆ ಎದ್ದು ಕಿಟಕಿ ಮುಚ್ಚುತ್ತಿದ್ದೆ. ನೈವೇದ್ಯದ ಬೆಲ್ಲಕ್ಕೆ ಇರುವೆ ಬಂದರೆ ಅದು ಎತ್ತ ತಿರುಗುತ್ತದೆಂದು ಕಾಯುತ್ತಿದ್ದೆ. ಹಬ್ಬಕ್ಕೆ ಅಜ್ಜಂಪುರದಿಂದ ಬಂದಿದ್ದ ಅಕ್ಕ, ‘ನೋಡಮ್ಮ, ನಿನ್ ಮಗನಿಗೆ ಈ ವಯಸ್ಸಲ್ಲಿ ಭಕ್ತಿ ಬಂದ್ಬಿಡ್ತು’ ಎಂದಳು.

ದಶಮಿ ಬೆಳಿಗ್ಗೆ ಪುಸ್ತಕ ಕೈಗೆ ಬಂತು. ಕುಂಕುಮ ಒಣಗಿ ಕಾಗದದೊಳಗೆ ಇಳಿದಿತ್ತು. ಮತ್ತೆ ಕಾಗದದಲ್ಲಿ ಸುತ್ತಲು ಹೋದೆ. ಅಮ್ಮ ಬಿಡಲಿಲ್ಲ. ಪೂಜೆಗೆ ಕೂತ ಪುಸ್ತಕವನ್ನು ಅವತ್ತು ಓದಲೇಬೇಕು.

‘ಇದನ್ನ ಓದೋಕಾಗಲ್ಲಮ್ಮ. ಒಳಗೆ ಫೋಟೋ ಇದೆ, ಅಷ್ಟೇ.’

‘ಏನ್ ಫೋಟೋ?’

‘ಗೊತ್ತಿಲ್ಲ.’

ಅಕ್ಕ ಕಾಫಿ ಲೋಟ ಕೆಳಗಿಟ್ಟಳು. ‘ಲೇ, ದುಡ್ಡು ಕೊಟ್ಟು ತಂದು, ಒಳಗೇನಿದೆ ಅಂತ ಗೊತ್ತಿಲ್ವಾ? ಚಾಕು ತರ್ಲಾ?’

ನನ್ನ ಮುಖ ನೋಡಿ ಅಮ್ಮನಿಗೆ ಏನನ್ನಿಸಿತೋ, ಚಾಕು ಬೇಡ ಎಂದಳು. ಪುಸ್ತಕವನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಮೇಲಿನಿಂದ ಮಡಿಕೆಯೊಳಗೆ ಇಣುಕಿದಳು. ಹೌದು, ಮೇಲೆ ಕೆಳಗೆ ಅದು ತೆರೆದೇ ಇತ್ತು. ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಕತ್ತಲೆ ಎಂದಳು. ಬೇರೆ ದಾರಿಯಿಲ್ಲದೆ, ಗಿರಾಕಿಗಳ ಕಣ್ಣು ನೋಡುವ ಪುಟ್ಟ ಟಾರ್ಚು ತಂದು ನಾನೇ ಬೆಳಕು ಬಿಟ್ಟೆ. ನನ್ನ ಕಣ್ಣು ಮಾತ್ರ ಅವಳ ಹೆಬ್ಬೆರಳಿನ ಮೇಲೆ. ಅದು ಮಡಿಕೆಯನ್ನು ಅಗಲಿಸುತ್ತಿತ್ತು. ಯಾವ ಕ್ಷಣದಲ್ಲಾದರೂ ಚರ್ರೆನ್ನಬಹುದಿತ್ತು.

‘ಯಾರೋ ಬೆನ್ನು ಹಾಕಿ ನಿಂತಿದಾನೆ ಕಣೋ. ಕೈಲಿ ಚೀಲ.’ ಇನ್ನೊಂದು ಮಡಿಕೆ. ‘ಇಲ್ಲೂ ಅವನೇ. ಸ್ವಲ್ಪ ದೂರ ಹೋಗಿದಾನೆ.’ ಮತ್ತೊಂದು. ‘ಅಯ್ಯೋ ಪಾಪ, ಮಳೆ ಬರ್ತಾ ಇದೆ.’

‘ಸಾಕಮ್ಮ’ ಎಂದು ಕಿತ್ತುಕೊಂಡೆ.

ಮರುದಿನ ಕಡೂರಿನ ಬಸ್ ಸ್ಟ್ಯಾಂಡ್ ಬಳಿಯ ಹೋಟೆಲಿನಲ್ಲಿ ಆ ಮಹಿಳೆ ಪೊಟ್ಟಣ ಬಿಚ್ಚಲು ಹೊರಟಾಗ, ಮೇಜಿನ ಮೇಲಿನ ಸಾಂಬಾರ್ ಬಟ್ಟಲು ಕಂಡು ಕಾರಿನ ಬಳಿಗೇ ಕರೆದುಕೊಂಡು ಹೋದೆ. ಅವರು ಕುಂಕುಮದ ಕಲೆಯನ್ನು ನೋಡಿದರು. ನಾನು ಪೂಜೆಯ ಕತೆಯನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಮಡಿಕೆಗಳ ಮೇಲೆ ನಿಧಾನವಾಗಿ ಬೆರಳಾಡಿಸಿದರು.

‘ಒಂದೂ ಸೀಳಿಲ್ಲವಲ್ಲ, ಸಾಕು’ ಎಂದರು. ‘ನಾವು ತೋರಿಸೋದು ಈ ಅಂಚನ್ನ. ಮುಖಪುಟ ಹೇಗೂ ಕೆಳಗಿರುತ್ತೆ.’

ಕಾರು ಹೊರಟಿತು. ಕೈ ಖಾಲಿಯಾಗಿ ಏನು ಮಾಡುವುದೆಂದು ತೋಚಲಿಲ್ಲ. ಬಸ್ಸಿಗೆ ಕಾಯುವಾಗ ಅಮ್ಮನ ಫೋನು.

‘ಕೊಟ್ಬಿಟ್ಯಾ? ವಾಪಸ್ ಯಾವಾಗ ಬರುತ್ತೆ? ಅರ್ಧಕ್ಕೇ ಕಿತ್ಕೊಂಡೆ ನೀನು. ಆ ಮನುಷ್ಯ ಎಲ್ಲಿಗೆ ಹೋದ ಅಂತ ನೋಡ್ಬೇಕಿತ್ತು.’

ಮುಂದಿನ ತಿಂಗಳು ಎಂದೆ. ತರೀಕೆರೆಯ ಬಸ್ಸು ಬಂದು ನಿಂತಿತ್ತು. ಹತ್ತುವುದು ಬಿಟ್ಟು ಕೇಳಿದೆ:

‘ಅಮ್ಮ, ಮಳೇಲಿ ಅವನ ಹತ್ರ ಕೊಡೆ ಇತ್ತಾ?’