ಹಿಟ್ಟಿನ ಹುಡುಗರ ಮೊದಲ ರೆಕಾರ್ಡು

ನಮ್ಮಣ್ಣನ ತಲೆ ಇಪ್ಪತ್ತೆರಡಕ್ಕೇ ಬೆಳ್ಳಗಿತ್ತು. ವಯಸ್ಸಿಗಲ್ಲ, ಹಿಟ್ಟಿಗೆ. ಅಪ್ಪ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿ ಅಮ್ಮನ ಮತ್ತು ಅವನ ಹೆಗಲಿಗೆ ಬಿದ್ದಿತ್ತು. ಬೆಳಿಗ್ಗೆ ಅವನು ಬೀಸುತ್ತಿದ್ದ, ಮಧ್ಯಾಹ್ನ ಅಮ್ಮ. ಆ ಹೊತ್ತಿನಲ್ಲಿ ಅವನು ಊಟ ಮಾಡಿ ಮಲಗಬೇಕಿತ್ತು. ಮಲಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಬಿಡಿ.

ಗಿರಣಿಯ ಹಿಂದೆ ಖಾಲಿ ಚೀಲ ಒಟ್ಟುವ ಕೋಣೆಯೊಂದಿತ್ತು. ಅಣ್ಣ ಎಲ್ಲಿಂದಲೋ ಹಳೇ ಡ್ರಮ್ ಸೆಟ್ಟು ತಂದು ಅಲ್ಲಿ ಹೂಡಿದ. ಎದುರಿನ ಕಟಿಂಗ್ ಅಂಗಡಿಯವನು ಗಿಟಾರ್ ಹಿಡಿದು ಬಂದ. ಅವನ ಹಿಂದೆಯೇ ಸೈಕಲ್ ರಿಪೇರಿಯವನು ಬೇಸ್ ಗಿಟಾರ್ ಹೊತ್ತು ತಂದ. ಹಾಡಲಿಕ್ಕೆ ಸಿಕ್ಕಿದ್ದು ಒಬ್ಬ ಬಸ್ ಕಂಡಕ್ಟರು. ನಾವೆಲ್ಲ ಅವನನ್ನು ರೈಟ್‌ರೈಟ್ ಎಂದೇ ಕರೆಯುತ್ತಿದ್ದೆವು. ಸ್ಟಾಪು ಕೂಗಿ ಕೂಗಿ ಅವನ ಗಂಟಲು ಒಡೆದಿತ್ತು. ಆ ಒಡಕು ಗಂಟಲಲ್ಲಿ ಅವನು ಹಾಡಿದರೆ ನನಗಂತೂ ಸುಮ್ಮಸುಮ್ಮನೆ ಕಣ್ಣು ತುಂಬುತ್ತಿತ್ತು. ಅದು ಬ್ಲೂಸ್ ರಾಕ್ ಅಂತೆ. ಹಾಗಂದರೇನು ಎಂದು ಅಮ್ಮ ಕೇಳಿದಳು.

“ಹೊಟ್ಟೇಲಿರೋ ಸಂಕಟಾನ ತಾಳಕ್ಕೆ ಕಟ್ಟಿ ಜೋರಾಗಿ ಹಾಡೋದು ಅಮ್ಮಾ,” ಅಂದ ರೈಟ್‌ರೈಟ್.

“ಅಳೋದಕ್ಕೆ ನಾಲ್ಕು ಜನ ಬೇಕಾ? ನಾನು ಒಬ್ಳೇ ಅತ್ಕೋತೀನಲ್ಲ!”

ತಾಲೀಮು ಯಾವಾಗಲೂ ಮಧ್ಯಾಹ್ನವೇ, ಗಿರಣಿ ಓಡುವಾಗಲೇ. ಆ ಗದ್ದಲದಲ್ಲಿ ಡ್ರಮ್ ಬಾರಿಸಿದರೆ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಿರಲಿಲ್ಲ. ಮುಗಿಸಿ ಹೊರಗೆ ಬಂದರೆ ನಾಲ್ವರ ಹುಬ್ಬು, ರೆಪ್ಪೆ ಎಲ್ಲ ಬಿಳಿ. “ಬಂದ್ರಪ್ಪಾ ಹಿಟ್ಟಿನ ಹುಡುಗರು!” ಎಂದು ನಾನು ರೇಗಿಸಿದೆ. ಬ್ಯಾಂಡಿಗೆ ಅದೇ ಹೆಸರು ಅಂಟಿಕೊಂಡಿತು. ಹೆಸರಿಟ್ಟವಳಿಗೆ ಒಂದು ಐಸ್‌ಕ್ರೀಮೂ ಕೊಡಿಸಲಿಲ್ಲ, ಕಂಜೂಸುಗಳು.

ಅಣ್ಣನಿಗೆ ಇದ್ದ ಆಸೆ ಒಂದೇ. ಅಮ್ಮ ಒಂದು ಹಾಡನ್ನಾದರೂ ಪೂರ್ತಿ ನಿಂತು ಕೇಳಬೇಕು.

“ಒಂದ್ಸಲ ಹಿಂದಕ್ಕೆ ಬಾಮ್ಮಾ. ಒಂದೇ ಹಾಡು.”

“ಗಿರಣಿ ಯಾರು ನೋಡ್ಕೋತಾರೆ, ನಿಮ್ಮ ತಾತನಾ?” ಎನ್ನುತ್ತಿದ್ದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿ, “ಹೊಟ್ಟೆಗೆ ಹಿಟ್ಟಂತೂ ಇದೆ ನಮ್ಮನೇಲಿ. ಇನ್ನು ಜುಟ್ಟಿಗೆ ಮಲ್ಲಿಗೆ ಬೇಕಾಗಿದೆ ನಿಮ್ಮಣ್ಣಂಗೆ.”

ಅಣ್ಣ ನಗುತ್ತಿದ್ದ. ಆದರೆ ಆ ದಿನ ಎರಡನೇ ಸಲ ಅನ್ನ ಬಡಿಸಿಕೊಳ್ಳುತ್ತಿರಲಿಲ್ಲ.

ಅಷ್ಟರಲ್ಲಿ ಸಣ್ಣ ಕಂಪನಿಯೊಂದು ಇವರ ಎರಡು ಹಾಡಿನ ರೆಕಾರ್ಡು ತರಲು ಒಪ್ಪಿತು. ಅಂಗಿಗೆ ಇಸ್ತ್ರಿ ಹಾಕಿಕೊಂಡು ಸ್ಟುಡಿಯೋಗೆ ಹೋದರು, ಜೊತೆಗೆ ನಾನೂ. ಅಬ್ಬಾ, ಅಲ್ಲಿನ ಮೌನ! ಗೋಡೆಗೆಲ್ಲ ಮೆತ್ತೆ ಹೊಡೆದಿದ್ದರು. ಹಾಡು ಶುರುವಾಯಿತು, ಅಣ್ಣನ ತಾಳ ಓಡಿತು. ಮತ್ತೆ ಶುರುಮಾಡಿದರು, ಈ ಸಲ ಕುಂಟಿತು. “ಇಲ್ಲಿ ಡ್ರಮ್ಮೇ ಸರಿ ಇಲ್ಲ” ಅಂದ ಅಣ್ಣ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡೆ. ಸಾಯಂಕಾಲಕ್ಕೆ ರೆಕಾರ್ಡಿಂಗಿನವನು ಮುಖಕ್ಕೆ ಹೊಡೆದ ಹಾಗೆ ಹೇಳಿಯೇಬಿಟ್ಟ: ಡ್ರಮ್ಮಿಗೆ ತನ್ನ ಕಡೆಯವನೊಬ್ಬನಿದ್ದಾನೆ, ಅವನನ್ನು ಕೂರಿಸೋಣ.

“ಇವನಿಲ್ದೆ ನಾನು ಹಾಡಲ್ಲ,” ಅಂದ ರೈಟ್‌ರೈಟ್.

“ಹಾಡೋ. ನನ್ನಿಂದ ಎಲ್ಲರದೂ ಯಾಕೆ ಹಾಳಾಗ್ಬೇಕು?” ಎಂದು ಅಣ್ಣ ಎದ್ದು ಬಂದ.

ಮನೆಗೆ ಬಂದವನು ಗೋಡೆ ಕಡೆ ಮುಖ ಮಾಡಿ ಮಲಗಿದ. “ರೆಕಾರ್ಡಲ್ಲಾದ್ರೂ ಅಮ್ಮಂಗೆ ಕೇಳಿಸ್ಬಹುದು ಅಂದ್ಕೊಂಡಿದ್ದೆ ಕಣೇ,” ಅಂದ.

ಒಳಗೆ ಸೊಪ್ಪು ಸೋಸುತ್ತಿದ್ದ ಅಮ್ಮ ಅಲ್ಲಿಂದಲೇ ಕೇಳಿದಳು. “ಅಲ್ಲಿ ಬೆಲ್ಟ್ ಎಲ್ಲಿತ್ತೋ?”

“ಯಾವ ಬೆಲ್ಟಮ್ಮಾ?”

“ಗಿರಣೀದು. ಹೊಲಿಗೆ ಹಾಕಿರೋ ಜಾಗ ಸುತ್ತು ಬಂದಾಗೆಲ್ಲ ಟಪ್ ಅನ್ನಲ್ವಾ? ಅದರ ಮೇಲೇ ಅಲ್ವಾ ನೀನು ಬಾರ್ಸೋದು? ಕರೆಂಟ್ ಹೋದ್ರೆ ನಿನ್ನ ಕೈಯೂ ನಿಲ್ಲುತ್ತೆ.”

ಅಣ್ಣ ಎದ್ದು ಕೂತ. ಹೌದಲ್ಲ! ಇಷ್ಟು ದಿನ ನಮಗ್ಯಾರಿಗೂ ಹೊಳೆದಿರಲಿಲ್ಲ, ಅವನಿಗೂ.

ರೈಟ್‌ರೈಟ್ ಬೇರೆಯವನ ಡ್ರಮ್ಮಿಗೆ ಹಾಡಿರಲಿಲ್ಲ; ಗಿರಣಿಯಲ್ಲೇ ರೆಕಾರ್ಡು ಮಾಡಿ ಎಂದು ನಾಲ್ವರೂ ದುಂಬಾಲು ಬಿದ್ದರು. ಗಿರಣಿಯ ರಜೆಯ ದಿನ ರೆಕಾರ್ಡಿಂಗಿನವನು ಗೊಣಗುತ್ತಲೇ ಟೇಪಿನ ಪೆಟ್ಟಿಗೆ ಹೊತ್ತು ತಂದ. ಆದರೆ ಗಿರಣಿಯನ್ನು ಬರಿದೇ ಓಡಿಸುವಂತಿಲ್ಲ. ಕಾಳಿಲ್ಲದೆ ತಿರುಗಿದರೆ ಕಲ್ಲಿಗೆ ಕಲ್ಲು ಉಜ್ಜಿ ಹಾಳಾಗುತ್ತದೆ. ಗಿರಾಕಿಗಳ ಕಾಳು ಒಂದೂ ಇರಲಿಲ್ಲ. ಅಮ್ಮ ನಮ್ಮ ಅಡುಗೆಮನೆಯ ಗೋಧಿ ಡಬ್ಬ ತಂದು ಗಿರಣಿಯ ಪಕ್ಕ ನಿಂತಳು. ಹಾಡು ಮುಗಿಯುವವರೆಗೂ ಸ್ವಲ್ಪ ಸ್ವಲ್ಪವೇ ಸುರಿಯುತ್ತಿರಬೇಕು, ಅಲ್ಲಿಂದ ಅಲ್ಲಾಡುವ ಹಾಗಿಲ್ಲ.

ಹಿಂದಿನ ಕೋಣೆಯ ಬಾಗಿಲು ತೆಗೆದಿಟ್ಟಿದ್ದರು. ಬೆಲ್ಟು ಟಪ್ ಟಪ್ ಎಂದಿತು, ಅಣ್ಣನ ಕೈ ಅದರ ಬೆನ್ನು ಹತ್ತಿತು. ಎಂಥಾ ತಾಳ ಅಂತೀರಿ! ನಾನು ಅಮ್ಮನನ್ನೇ ನೋಡುತ್ತಿದ್ದೆ. ಮೊದಮೊದಲು ದಿನದ ಕೆಲಸದಂತೆ ಗೋಧಿ ಸುರಿಯುತ್ತಿದ್ದಳು. ಆಮೇಲೆ ಅವಳ ತಲೆ ಮೆಲ್ಲಗೆ ಆಡತೊಡಗಿತು. ಎರಡನೇ ಹಾಡೂ ಮುಗಿದು ಕೊನೆಯ ಪೆಟ್ಟು ಬಿದ್ದಾಗ, ಗಿರಣಿಯ ಸದ್ದನ್ನೂ ಮೀರಿ ಅಮ್ಮ ಕೂಗಿದಳು:

“ಗೋಧಿ ಮುಗೀತು ಕಣೋ! ಇನ್ನೊಂದ್ ಸೇರು ಹಾಕ್ಲಾ?”

ರೆಕಾರ್ಡಿಂಗಿನವನು ತಲೆ ಚಚ್ಚಿಕೊಂಡ. ಟೇಪು ಇನ್ನೂ ಓಡುತ್ತಿತ್ತು. ಮತ್ತೊಮ್ಮೆ ಹಾಡಿ ಅಂದ. ಅಣ್ಣ ಒಪ್ಪಲಿಲ್ಲ. “ಬೇಡ ಸಾರ್, ಹಾಗೇ ಇರ್ಲಿ.” ನೆಲಕ್ಕೆ ಚೆಲ್ಲಿದ ಒಂದು ಕಾಳನ್ನೂ ಆರಿಸಿ ಡಬ್ಬಕ್ಕೆ ಹಾಕುವವಳು ನಮ್ಮಮ್ಮ. ಅವಳು ಇನ್ನೊಂದು ಸೇರು ಅಂದರೆ ಏನರ್ಥ ಎಂದು ಆ ಪುಣ್ಯಾತ್ಮನಿಗೇನು ಗೊತ್ತು?

ರೆಕಾರ್ಡು ಹಾಗೆಯೇ ಹೊರಬಂತು. ಅದು ಪ್ರಪಂಚವನ್ನೇನೂ ಅಲ್ಲಾಡಿಸಲಿಲ್ಲ. ಆದರೆ ಇವರು ಎಲ್ಲಿ ಬಾರಿಸಿದರೂ ಕೊನೆಗೆ ಹುಡುಗರು “ಇನ್ನೊಂದ್ ಸೇರು!” ಎಂದು ಕೂಗುತ್ತಿದ್ದರು. ಎರಡನೇ ರೆಕಾರ್ಡು ದೊಡ್ಡ ಸ್ಟುಡಿಯೋದಲ್ಲಾಯಿತು. ಅಣ್ಣನ ಕಿವಿಗೆ ಟಿಕ್ ಟಿಕ್ ಅನ್ನುವ ಯಂತ್ರ ಕೊಟ್ಟಿದ್ದರು. ಚೊಕ್ಕಟವಾಗಿದೆ ಎಂದು ಎಲ್ಲರೂ ಹೊಗಳಿದರು. ಅಣ್ಣ ಅದನ್ನು ಮನೆಯಲ್ಲಿ ಹಾಕಿದ್ದನ್ನು ನಾನು ಕಂಡಿಲ್ಲ. ಆಮೇಲೆ ರೈಟ್‌ರೈಟ್‌ಗೆ ವರ್ಗವಾಯಿತು, ಕಟಿಂಗ್ ಅಂಗಡಿಯವನಿಗೆ ಮಕ್ಕಳಾದವು, ಬ್ಯಾಂಡು ತಾನಾಗಿಯೇ ನಿಂತಿತು.

ಈಗ ಗಿರಣಿಯ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಅಮ್ಮ ಹೋಗಿ ಬಹಳ ವರ್ಷವಾಯಿತು. ಅಣ್ಣನ ತಲೆ ಈಗ ನಿಜವಾಗಿಯೇ ಬೆಳ್ಳಗಾಗಿದೆ. ಹೋದ ವಾರ ಅವನ ಮನೆಗೆ ಹೋದಾಗ ಮೊದಲ ರೆಕಾರ್ಡು ತಿರುಗುತ್ತಿತ್ತು. ನಾನು ಬಂದದ್ದು ಅವನಿಗೆ ತಿಳಿಯಲಿಲ್ಲ, ಬಾಗಿಲಲ್ಲೇ ನಿಂತೆ. ಹಾಡು ಮುಗಿಯಿತು. ಬೆಲ್ಟಿನ ಸದ್ದಿನ ನಡುವೆ ಅಮ್ಮ ಕೇಳಿದಳು, ಇನ್ನೊಂದ್ ಸೇರು ಹಾಕ್ಲಾ?

“ಹಾಕಮ್ಮಾ,” ಅಂದ ಅಣ್ಣ, ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಟ್ಟ.