ಹಾಜರಿ ಕೂಗುವ ಗಾಡಿ

ಜನವರಿ 13, ಮಂಗಳವಾರ. ಬರೆಯಲು ಕುಳಿತದ್ದು ಮಧ್ಯಾಹ್ನ 3.20ಕ್ಕೆ.

ನನ್ನ ಬ್ಯಾಟರಿ ಗಾಡಿ ಇವತ್ತು ಇಪ್ಪತ್ತಕ್ಕೆ ಇಪ್ಪತ್ತು ಸಲ ತಾನಾಗಿಯೇ ನಿಂತಿತು.

ಶನಿವಾರಸಂತೆ ಊರಿನ ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಮೂಟೆಗಳನ್ನು ಇಳಿಜಾರಿನಿಂದ ಕಣಕ್ಕೆ ತರಲೆಂದು ನಾನು ಕಟ್ಟಿದ ಗಾಡಿ ಇದು. ಅದರೊಳಗೆ ಮೂರು ಪುಟ್ಟ ಕಂಪ್ಯೂಟರ್ ಬೋರ್ಡುಗಳಿವೆ: ಮೋಟಾರಿಗೊಂದು, ಬ್ರೇಕಿಗೊಂದು, ಓಡಿಸುವವರ ಹಿಡಿಕೆಗೊಂದು. ಮೂರೂ ಒಂದೇ ಜೋಡಿ ತಂತಿಯ ಮೇಲೆ ಮಾತಾಡಿಕೊಳ್ಳುತ್ತವೆ.

ಮೊದಲು ಮೂರಕ್ಕೂ ಬೇರೆಬೇರೆಯಾಗಿ ಸಾಫ್ಟ್‌ವೇರ್ ಬರೆದು ಬೇರೆಬೇರೆಯಾಗಿ ಪರೀಕ್ಷಿಸಿದ್ದೆ. ತಪ್ಪು: ಸೊನ್ನೆ. ಡಿಸೆಂಬರ್ 29ರಂದು ಮೂಟೆ ಹೇರಿ ಇಳಿಜಾರಿನಲ್ಲಿ ಗಾಡಿ ಇಳಿಸುವಾಗ ಹಿಡಿಕೆಯ ತಂತಿ ಕಳಚಿತು. ಹಿಡಿಕೆ ಕೊನೆಯದಾಗಿ ಹೇಳಿದ್ದ 'ಹೋಗು' ಎಂಬುದನ್ನೇ ನಂಬಿಕೊಂಡು ಗಾಡಿ ಸಾಗಿ ಕಾಫಿ ಗಿಡಕ್ಕೆ ಗುದ್ದಿತು. ಮುಂದೆ ನಡೆಯುತ್ತಿದ್ದ, ಹಣ್ಣಿನ ಪಿಕ್ಕಿಂಗಿಗೆ ಬಂದಿದ್ದ ಅಕ್ಕ ಪಕ್ಕಕ್ಕೆ ಹಾರಿಕೊಂಡರು.

"ಏನವ್ವ, ನಿನ್ ಗಾಡಿಗೆ ನನ್ ಮೇಲೆ ಅಷ್ಟೊಂದ್ ಪ್ರೀತಿನಾ?" ಎಂದು ನಕ್ಕರು.

ಅಪ್ಪ ಅದೇ ಎಸ್ಟೇಟಿನ ರೈಟರ್, ಹಾಜರಿ-ಲೆಕ್ಕ ಬರೆಯುವವರು. "ಜನ ನಡಿಯೋ ದಾರೀಲಿ ಇದು ಬೇಡ ಮಗಳೇ," ಎಂದರು. ಗಾಡಿ ಶೆಡ್ಡು ಸೇರಿತು.

ಮರುದಿನ ಬೆಳಿಗ್ಗೆ ಕೆಲಸಗಾರರು ವಾಸಿಸುವ ಲೈನ್ ಮನೆಗಳ ಮುಂದೆ ಅಪ್ಪ ಅವರ ಹಾಜರಿ ಕೂಗುತ್ತಿದ್ದರು. ಒಂದು ಹೆಸರಿಗೆ ಉತ್ತರ ಬರಲಿಲ್ಲ.

"ನಿನ್ನೆ ಬಂದಿದ್ರಲ್ಲಪ್ಪ, ಇಲ್ಲೇ ಎಲ್ಲೋ ಇರ್ತಾರೆ," ಎಂದೆ.

"ನಿನ್ನೆದು ನಿನ್ನೆಗೆ ಆಯ್ತು. ಕೂಗ್ದಾಗ ಓ ಅನ್ನದಿದ್ರೆ ಇಲ್ಲ ಅಂತ್ಲೇ ಲೆಕ್ಕ. ಹಾಗಿಟ್ಕೊಂಡೇ ಕೆಲಸ ಹಂಚೋದು."

ನಾನು ಮಾಡಿದ್ದು ಇದರ ಉಲ್ಟಾ. ಉತ್ತರ ಕೊಡದ ಹಿಡಿಕೆಗೂ ಹಾಜರಿ ಹಾಕಿದ್ದೆ.

ಲ್ಯಾಪ್‌ಟಾಪ್ ಮುಚ್ಚಿಟ್ಟು ದೊಡ್ಡ ಹಾಳೆಯಲ್ಲಿ ನಾಲ್ಕು ಕಾಲಂ ಎಳೆದೆ: ಯಾರು ಹೇಳಬೇಕು, ಯಾರಿಗೆ, ಎಷ್ಟು ಹೊತ್ತಿಗೊಮ್ಮೆ, ಹೇಳದಿದ್ದರೆ ಉಳಿದವರು ಏನು ಮಾಡಬೇಕು. ನಾಲ್ಕನೆಯದು ನನ್ನ ಹಳೆಯ ಟಿಪ್ಪಣಿಗಳಲ್ಲಿ ಎಲ್ಲೂ ಇರಲಿಲ್ಲ. ಹಾಳೆ ತುಂಬಿಸಲು ಒಂಬತ್ತು ದಿನ, ಹೊಡೆದುಹಾಕಿದ ಸಾಲು 31. ಆಮೇಲೆ ಸಾಫ್ಟ್‌ವೇರಿಗೆ ನಾಲ್ಕೇ ದಿನ ಸಾಕಾಯಿತು. ಈಗ ಹಿಡಿಕೆ ಸೆಕೆಂಡಿಗೆ ಐವತ್ತು ಸಲ ಓ ಅನ್ನಬೇಕು. ಸತತ ಮೂರು ಸಲ ತಪ್ಪಿದರೆ ಬ್ರೇಕಿನ ಬೋರ್ಡು ಯಾರನ್ನೂ ಕೇಳದೆ ಗಾಡಿ ನಿಲ್ಲಿಸುತ್ತದೆ.

ಇವತ್ತು ದಾರಿ ಖಾಲಿ ಮಾಡಿಸಿ, ಎಂಟು ಮೂಟೆ ಹೇರಿ, ಇಪ್ಪತ್ತು ಸಲ ತಂತಿ ಕಿತ್ತೆ. ಗಾಡಿ ನಿಂತಾಗಲೆಲ್ಲ ಅಪ್ಪನೇ ಲೆಕ್ಕಕ್ಕೊಂದು ಗೀಟು ಹಾಕಿದರು. ಕೊನೆಯ ಗೀಟಾದ ಮೇಲೆ ಅದೇ ಅಕ್ಕ ಬುಟ್ಟಿ ಹೊತ್ತು, ಸಾಗುವ ಗಾಡಿಯ ಮುಂದೆ ನಡೆದರು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

"ನಾಳೆಯಿಂದ ಇದ್ರ ಹೆಸ್ರೂ ಕೂಗ್ತೀನಿ," ಎಂದರು ಅಪ್ಪ.

ಒಂದು ಸಂಶಯ ಉಳಿದಿದೆ. ಮಳೆಗಾಲದಲ್ಲಿ ತಂತಿಯ ಜೋಡಣೆ ಒದ್ದೆಯಾದರೆ ಸುಮ್ಮಸುಮ್ಮನೆ ಓ ತಪ್ಪಬಹುದು. ಆಗಲೂ ಮೂರೇ ಸಾಕೇ, ಇನ್ನಷ್ಟು ಕಾಯಬೇಕೇ? ಇಂಥ ಕೆಲಸ ಮಾಡಿ ಬಲ್ಲವರು ದಯವಿಟ್ಟು ನನಗೆ ಬರೆದು ತಿಳಿಸಿ.