ತವರಿನ ಪಂದ್ಯವಿಲ್ಲದ ಶನಿವಾರ

ಟೆಕ್ಸಾಸಿನ ಅಲೆನ್‌ನಲ್ಲಿರುವ ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ, ಸಾರಿನ ಪುಡಿಯ ಅಳತೆ ಬರೆದ ಚೀಟಿಯನ್ನು ಒತ್ತಿ ಹಿಡಿದುಕೊಂಡು, ಅಂಗೈ ಅಗಲದ ಒಂದು ಮ್ಯಾಗ್ನೆಟ್ ಹಲವು ವರ್ಷಗಳಿಂದ ಕುಳಿತಿದೆ. ನಾನು ಅಂಕಿಅಂಶಶಾಸ್ತ್ರ ಕಲಿಸಿ ನಿವೃತ್ತನಾದ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಒಂದಾನೊಂದು ವರ್ಷ ಯಾವ ಶನಿವಾರ ಯಾರೊಡನೆ ಎಲ್ಲಿ ಆಡತಕ್ಕದ್ದೆಂಬ ವೇಳಾಪಟ್ಟಿ ಅದರ ಮೇಲೆ ಅಚ್ಚಾಗಿದೆ. ತವರಿನ ಅಂಗಳದ ಪಂದ್ಯಗಳು ದಟ್ಟ ನೇರಳೆಯಲ್ಲಿ, ಪರಊರಿನವು ಪೇಲವ ಬೂದಿ ಬಣ್ಣದಲ್ಲಿ. ಹೆಸರು ಫುಟ್‌ಬಾಲ್ ಆದರೂ ಈ ದೇಶದ ಈ ಆಟದಲ್ಲಿ ಕಾಲಿಗೂ ಚೆಂಡಿಗೂ ಇರುವುದು ದೂರದ ದಾಯಾದಿಗಳ ಸಂಬಂಧ. ಎಂದಾದರೊಮ್ಮೆ ಭೇಟಿ, ಅದೂ ಒಂದು ಒದೆಯಲ್ಲಿ ಮುಗಿಯುತ್ತದೆ. ಮನೆಗೆ ಬಂದವರು ನನ್ನನ್ನು ಆಟದ ಅಭಿಮಾನಿಯೆಂದು ತಪ್ಪು ತಿಳಿಯುತ್ತಾರೆ. ನಾನು ಅಭಿಮಾನಿಯಲ್ಲ, ಫಿರ್ಯಾದುದಾರ. ಆ ಫಿರ್ಯಾದಿನ ಕಥೆಯನ್ನು, ಮಿತ್ರರೇ, ನಿಮ್ಮ ಮುಂದೆ ಕ್ರಮವಾಗಿ ಇಡುತ್ತೇನೆ.

ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ನಡೆಯುವುದು ಅದೇ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ. ಸಭಾಂಗಣದ ಮಗ್ಗುಲಿಗೇ ಕ್ರೀಡಾಂಗಣ, ಎರಡಕ್ಕೂ ಒಂದೇ ಪಾರ್ಕಿಂಗ್ ಬಯಲು. ಕಳೆದ ದಶಕದ ಆರಂಭದ ಒಂದು ವರ್ಷ ನನ್ನ ಹೆಂಡತಿ ವಿಮಲ ನಾಟಕವೊಂದನ್ನು ಬರೆದು, ಕಲಿಸಿ, ಅದರ ರಾಣಿಯ ಪಾತ್ರವನ್ನೂ ತಾನೇ ಧರಿಸಿದಳು. ರಾಜ ಎಲ್ಲರೆದುರು ಕ್ಷಮೆ ಕೇಳುವವರೆಗೆ ಸಿಂಹಾಸನ ಬಿಟ್ಟು ಏಳುವುದಿಲ್ಲವೆಂದು ಹಠ ಹಿಡಿದ ರಾಣಿಯನ್ನು ಮಂತ್ರಿ, ಸೇನಾಪತಿ, ಪುರೋಹಿತ, ಕೊನೆಗೆ ಅತ್ತೆ, ಒಬ್ಬರಾದ ಮೇಲೊಬ್ಬರು ಎಬ್ಬಿಸಹೋಗಿ ಸೋಲುವ ಕಥೆ. ಈ ವಸ್ತು ಅವಳಿಗೆಲ್ಲಿ ದೊರೆಯಿತೆಂದು ನಾನು ವಿಚಾರಿಸಲಿಲ್ಲ. ಮನೆಯಲ್ಲಿ ನೆಮ್ಮದಿ ಮುಖ್ಯ. ವಸಂತದಿಂದ ಶರತ್ಕಾಲದವರೆಗೆ ನಮ್ಮ ಗ್ಯಾರೇಜಿನಲ್ಲಿ ತಾಲೀಮು ನಡೆಯಿತು, ಕಾರುಗಳು ಬಿಸಿಲಲ್ಲಿ ನಿಂತವು.

ನಾಟಕದ ಹಿಂದಿನ ವಾರ ಟೆಲಿವಿಷನ್ನಿನವರ ಅನುಕೂಲಕ್ಕಾಗಿ ಫುಟ್‌ಬಾಲ್ ಪಂದ್ಯದ ಹೊತ್ತನ್ನು ರಾತ್ರಿಯಿಂದ ಮಧ್ಯಾಹ್ನಕ್ಕೆ ಎಳೆದು ನಮ್ಮ ನಾಟಕದ ನೆತ್ತಿಯ ಮೇಲೆ ಕೂರಿಸಲಾಯಿತು. ಪಂದ್ಯದ ದಿನ ಕಾರಿನ ಡಿಕ್ಕಿ ತೆರೆದು, ಪಾರ್ಕಿಂಗಿನಲ್ಲೇ ಒಲೆ ಹೂಡಿ, ಮಾಂಸ ಸುಟ್ಟು ಹಂಚಿಕೊಂಡು ತಿನ್ನುವುದು ಟೆಕ್ಸಾಸಿನ ಸಂಪ್ರದಾಯ. ರೇಷ್ಮೆ ಸೀರೆಯುಟ್ಟ ನಮ್ಮ ಹೆಂಗಸರು ಆ ಹೊಗೆಯ ನಡುವೆ ಕಾರು ನಿಲ್ಲಿಸಲು ಸುತ್ತು ಹಾಕಿ, ಸುತ್ತು ಹಾಕಿ, ಕಡೆಗೆ ಮನೆಗೇ ತಿರುಗಿದರು. ಕಟ್ಟಾ ಸಸ್ಯಾಹಾರಿಗಳಾದ ಸಂಘದ ಅಧ್ಯಕ್ಷರ ಕೈಗೆ ಅಪರಿಚಿತನೊಬ್ಬ ಪ್ರೀತಿಯಿಂದ ಸಾಸೇಜನ್ನಿಟ್ಟು ಬೆನ್ನು ತಟ್ಟಿದನಂತೆ. ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ಅವರು ಹಿಡಿದುಕೊಂಡೇ ಸಭಾಂಗಣಕ್ಕೆ ಬಂದರು. ಪ್ರೇಕ್ಷಕರೆಂದರೆ ಅವರು, ತಬಲಾದವರು, ಅಡಿಗೆಯವರು, ನಾನು. ಖಾಲಿ ಕುರ್ಚಿಗಳಿಗೆ ವಿಮಲ ಇಡೀ ನಾಟಕವನ್ನು ಒಂದು ಮಾತೂ ಬಿಡದೆ ಆಡಿದಳು.

ಸಂಘದ ಕಾರ್ಯದರ್ಶಿ ಚೇತನ್, ಪ್ಲೇನೋದ ಕಂಪನಿಯೊಂದರಲ್ಲಿ ಎಂಜಿನಿಯರ್, ಸಮಾಧಾನ ಹೇಳಲು ಬಂದ. "ಬೇಜಾರ್ ಮಾಡ್ಕೋಬೇಡಿ ಅಂಕಲ್, ಫುಲ್ ವಿಡಿಯೋ ರೆಕಾರ್ಡ್ ಆಗಿದೆ. ನೆಟ್‌ಗೆ ಹಾಕ್ಬಿಡೋಣ." ಆ ವಿಡಿಯೋದಲ್ಲಿ ಇಂದಿಗೂ ಕೇಳಿಸುವುದು ಪಕ್ಕದ ಕ್ರೀಡಾಂಗಣದ ಬ್ಯಾಂಡು ಮಾತ್ರ. ಮನೆಗೆ ಬಂದು ಕಿರೀಟ ತೆಗೆದಿಡುತ್ತಾ ವಿಮಲ ಅಂದಳು: "ಸಾಕು ರೀ. ಇನ್ನು ನಾಟಕದ ಸುದ್ದಿ ಬೇಡ." ಮರುದಿನದಿಂದ ಅವಳು ಅದನ್ನು ಮರೆತಳು, ಅಥವಾ ಮರೆತವಳ ಹಾಗಿದ್ದಳು. ಆ ಕಿರೀಟ ಗ್ಯಾರೇಜಿನ ಮೇಲಟ್ಟಕ್ಕೆ ಹೋಯಿತು. ನಾನು ಮರೆಯುವ ಜಾಯಮಾನದವನಲ್ಲ. ಅವಳಿಗೊಂದು ತುಂಬಿದ ಸಭೆಯನ್ನು ಕೊಡಿಸದೆ ಬಿಡೆನೆಂದು ಅಂದೇ ನಿರ್ಧರಿಸಿದೆ. ಅದಕ್ಕೆ ಬೇಕಾದುದು ಒಂದೇ ಒಂದು ಶನಿವಾರ, ನಮ್ಮ ತಂಡ ಪರಊರಿನಲ್ಲಿರುವ, ಪಾರ್ಕಿಂಗ್ ಬಯಲು ಬಿಕೋ ಎನ್ನುವ ಶನಿವಾರ.

ಇಲ್ಲಿ ಕಾಲೇಜುಗಳು ಗುಂಪು ಕಟ್ಟಿಕೊಂಡು ತಮ್ಮ ತಮ್ಮೊಳಗೇ ಆಡುತ್ತವೆ. ಆ ಗುಂಪನ್ನು ಕಾನ್ಫರೆನ್ಸ್ ಎನ್ನುತ್ತಾರೆ, ಅದರ ಯಜಮಾನನನ್ನು ಕಮಿಷನರ್ ಎನ್ನುತ್ತಾರೆ. ಪ್ರತಿ ವಿಶ್ವವಿದ್ಯಾಲಯ ಅಲ್ಲಿಗೊಬ್ಬ ಅಧ್ಯಾಪಕ ಪ್ರತಿನಿಧಿಯನ್ನು ಕಳಿಸಬೇಕು. ಯಾರಿಗೂ ಬೇಡವಾದ ಆ ಹುದ್ದೆಯನ್ನು ನಾನು ಕೇಳಿ ಪಡೆದಾಗ ನಮ್ಮ ಡೀನ್ ನನ್ನ ಆರೋಗ್ಯ ವಿಚಾರಿಸಿದರು. ಅವರ ಆ ದನಿಯೂ ನನ್ನ ನೆನಪಿನಲ್ಲಿದೆ.

ನಮ್ಮದು ಮಧ್ಯಮ ದರ್ಜೆಯ ಕಾನ್ಫರೆನ್ಸು. ಮಧ್ಯಮವೆಂಬುದು ವಿಚಿತ್ರ ಸ್ಥಿತಿ ಮಿತ್ರರೇ. ಮೇಲಿನವರು ಅದನ್ನು ಕಾಣುವುದಿಲ್ಲ, ಕೆಳಗಿನವರು ಅದನ್ನು ಕ್ಷಮಿಸುವುದಿಲ್ಲ. ಆ ವರ್ಷಗಳಲ್ಲಿ ದೇಶದ ತುಂಬಾ ಕಾಲೇಜುಗಳು ಗುಂಪು ಬಿಟ್ಟು ಗುಂಪು ಸೇರುವ ಸುಗ್ಗಿ. ದೊಡ್ಡ ಕಾನ್ಫರೆನ್ಸುಗಳು ನಮ್ಮಲ್ಲಿನ ಚೆಲುವೆಯರನ್ನು ಹಾರಿಸಿಕೊಂಡು ಹೋಗುತ್ತಿದ್ದವು, ನಾವು ನಮಗಿಂತ ಚಿಕ್ಕವರ ಮನೆಗೆ ಹೆಣ್ಣು ನೋಡಲು ಹೋಗುತ್ತಿದ್ದೆವು. ವಿಸ್ತರಣಾ ಸಮಿತಿಯ ಪ್ರವಾಸವೆಂದರೆ ಅಪ್ಪಟ ವಧುಪರೀಕ್ಷೆ. ಕ್ರೀಡಾಂಗಣಕ್ಕೆ ಅಂದೇ ಬಣ್ಣ ಬಳಿದಿರುತ್ತಾರೆ, ತಿಂಡಿ ತಟ್ಟೆಗಳು ಬರುತ್ತವೆ, ಬ್ಯಾಂಡಿನ ಮಕ್ಕಳು ನಾಚುತ್ತಾ ಒಂದು ಹಾಡು ನುಡಿಸುತ್ತಾರೆ, ಸಮಿತಿಯವರು ಏನನ್ನೂ ಒಪ್ಪಿಕೊಳ್ಳದ ಮುಖ ಹೊತ್ತು "ಊರಿಗೆ ಹೋಗಿ ತಿಳಿಸುತ್ತೇವೆ" ಎಂಬರ್ಥದ ಮಾತನಾಡಿ ಏಳುತ್ತಾರೆ. ಉಪ್ಪಿಟ್ಟು ಕೇಸರಿಬಾತಿನ ಜಾಗದಲ್ಲಿ ಚಿಪ್ಸು ಸಾಲ್ಸಾ; ಉಳಿದುದೆಲ್ಲ ಒಂದೇ.

ವಾರ್ಷಿಕ ಸಭೆ ಆಸ್ಟಿನ್ನಿನ ಹೋಟೆಲೊಂದರಲ್ಲಿ. ಹೋಟೆಲಿನ ಹಾಸಿಗೆ ನನ್ನ ಬೆನ್ನಿಗಾಗದು. ಹತ್ತಿರದ ಜಾರ್ಜ್‌ಟೌನ್‌ನಲ್ಲಿರುವ ತಂಗಿಯ ಮಗಳು ಸುಮಾಳ ಮನೆಯಲ್ಲಿ ಉಳಿದು ಅಲ್ಲಿಂದ ಹೋಗುತ್ತಿದ್ದೆ. ಸುಮಾ ಬಾಗಿಲಲ್ಲೇ ಛೇಡಿಸುತ್ತಿದ್ದಳು: "ಏನ್ ಮಾವ, ಈ ಸಲ ಯಾರ ಮನೆ ಹೆಣ್ಣು ಫಿಕ್ಸ್ ಆಯ್ತು?" ಕಮಿಷನರ್ ನನ್ನನ್ನು ಪ್ರತಿವರ್ಷವೂ ಗಣಿತದ ಪ್ರಾಧ್ಯಾಪಕರೆಂದೇ ಪರಿಚಯಿಸಿದರು. ಪ್ರತಿವರ್ಷವೂ ನಾನು ಎದ್ದು ನಿಂತು ಅಂಕಿಅಂಶಶಾಸ್ತ್ರವೆಂದು ತಿದ್ದಿದೆ.

ನನ್ನ ಬೇಡಿಕೆ ಮಂಡನೆಯಾದಾಗ ಅವರು ಕನ್ನಡಕ ತೆಗೆದರು. ನವೆಂಬರಿನ ಆ ಶನಿವಾರವೇ ಏಕೆ, ಧಾರ್ಮಿಕ ಹಬ್ಬವೇ ಎಂದು ಕೇಳಿದರು. ನಾನು ನಿಧಾನವಾಗಿ, ಆದರೆ ಏನನ್ನೂ ಬಿಡದೆ, ಬೇರೆ ಬೇರೆ ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಒಂದೇ ನುಡಿಯ ಜನ ದಶಕಗಳ ಹೋರಾಟದ ನಂತರ ಒಂದು ರಾಜ್ಯವಾಗಿ ಸೇರಿದ ಚರಿತ್ರೆಯನ್ನು ವಿವರಿಸಿದೆ. ಕಮಿಷನರ್ ಮುಖ ಅರಳಿತು.

"ಅಂದರೆ ಪುನರ್ವಿಂಗಡಣೆ! ನಾವು ಮಾಡುತ್ತಿರುವುದೇ! ಎಷ್ಟು ಸದಸ್ಯರು ಸೇರಿದರು?"

"ಇಲ್ಲಿ ಸದಸ್ಯತ್ವದ ಪ್ರಶ್ನೆಯಲ್ಲ ಸ್ವಾಮಿ," ಎಂದೆ ಇಂಗ್ಲಿಷಿನಲ್ಲಿ.

"ಯಾರೂ ಬಿಟ್ಟುಹೋಗಲಿಲ್ಲವೇ?"

"ಇಲ್ಲ."

ಅವರು ನನ್ನನ್ನು ಮೊದಲ ಬಾರಿಗೆ ಗೌರವದಿಂದ ನೋಡಿದರು. ಆದರೆ ಆ ದಿನ ಒಂದನೆಯ ತಾರೀಖಲ್ಲವೇ, ಈ ಶನಿವಾರ ಅದಲ್ಲವಲ್ಲ ಎಂದು ಅವರ ಸಹಾಯಕಿ ಕೊಕ್ಕೆ ಹಾಕಿದಳು. ಹಾಲ್ ಸಿಕ್ಕ ಶನಿವಾರದಂದು ನಾವು ಅದನ್ನು ಆಚರಿಸುತ್ತೇವೆಂದೆ. ಅಮೆರಿಕದ ಕನ್ನಡಿಗರಿಗೆ ಇದು ಎಷ್ಟು ಸಹಜವೆಂದರೆ, ಇದರಲ್ಲಿ ನಗುವಂಥದ್ದೇನಿದೆಯೆಂದು ಸಭೆ ನಕ್ಕ ಮೇಲೂ ನನಗೆ ಹೊಳೆಯಲಿಲ್ಲ. "ಟೆಲಿವಿಷನ್ನಿನವರ ಹಾಗೆಯೇ," ಎಂದು ಕಮಿಷನರ್ ತಲೆದೂಗಿ, ಬೇಡಿಕೆಯನ್ನು ಒಪ್ಪಿಕೊಂಡರು. ಒಂದು ಷರತ್ತು: ಆ ಶನಿವಾರ ನಮ್ಮನ್ನು ಬರಮಾಡಿಕೊಳ್ಳುವ ಊರನ್ನು ನಾನೇ ಹುಡುಕಬೇಕು, ಏಕೆಂದರೆ ಇದ್ದವರೆಲ್ಲರ ಜಾತಕ ಆಗಲೇ ಕೂಡಿಬಿಟ್ಟಿತ್ತು.

ಆ ವರ್ಷ ವಧುಗಳು ಇಬ್ಬರು. ಹ್ಯೂಸ್ಟನ್ನಿನ ಒಂದು ಕಾಲೇಜು, ಹೊಸ ಕ್ರೀಡಾಂಗಣ, ಊರ ತುಂಬಾ ಟೆಲಿವಿಷನ್ ನೋಡುವ ಮನೆಗಳು. ಆಸ್ಟಿನ್ ಕಡೆಯ ಇನ್ನೊಂದು, ಹಳೆಯ ಬೆಂಚುಗಳು, ದೀಪವಿಲ್ಲದ ಮೈದಾನ, ಕೈಯಾರೆ ನಿಂಬೆ ಪಾನಕ ಹಂಚಿದ ಅಧ್ಯಕ್ಷರು. ಟೆಲಿವಿಷನ್ನಿನವರು ಕೇಳುವ ಸಂಜೆಯ ಪಂದ್ಯಕ್ಕೆ ದೀಪ ಬೇಕಾದ್ದರಿಂದ, ನನ್ನ ಶನಿವಾರ ನಮ್ಮನ್ನು ಕರೆಯಬಲ್ಲದ್ದು ಹ್ಯೂಸ್ಟನ್ ಮಾತ್ರ. ವಧುಪರೀಕ್ಷೆಗೆ ಹೋದಾಗ ಅಲ್ಲೇ ಹತ್ತಿರದ ಸ್ಟಾಫರ್ಡ್‌ನ ರಂಗನಾಥನನ್ನು ಕಂಡೆ. ಧಾರವಾಡದ ಕಡೆಯವನು, ವಿಮಲಳ ನಾಟಕದಲ್ಲಿ ರಾಜ. ಮೊದಲ ಸಲ ಹ್ಯೂಸ್ಟನ್ನಿನಿಂದ ಡ್ರೈವ್ ಮಾಡಿಕೊಂಡು ಬಂದು ಖಾಲಿ ಕುರ್ಚಿಗಳೆದುರು ಮಂಡಿಯೂರಿ ಕ್ಷಮೆ ಕೇಳಿದ್ದವನು.

"ಸರ, ಕಣ್ಣು ಮುಚ್ಚಿ ನಮ್ಮೂರಿಗೇ ವೋಟ್ ಹಾಕ್ರಿ," ಎಂದ. "ನಿಮ್ಮ ಮಂದಿ ಅವತ್ತ ಇಲ್ಲಿ ಬಂದು ಆಡ್ಲಿ, ನಾ ಅಲ್ಲಿ ಬಂದು ಆಡ್ತೀನಿ. ಲೆಕ್ಕ ಸರಿಹೋತು ನೋಡ್ರಿ."

ಸಮಿತಿಯಲ್ಲಿ ಮತಗಳು ಸಮಸಮವಾಗಿದ್ದವು. ನನ್ನದು ಹ್ಯೂಸ್ಟನ್ನಿಗೆ ಬಿದ್ದು ಸಂಬಂಧ ಕುದುರಿತು. ಬೇಸಿಗೆ ಹುಟ್ಟುತ್ತಲೇ ಮ್ಯಾಗ್ನೆಟ್ಟುಗಳು ಅಚ್ಚಾದವು. ಮೊದಲ ಪ್ರತಿಯನ್ನು ತಂದು ವಿಮಲಳ ಮುಂದೆ ಹಿಡಿದೆ: ನೋಡು, ಆ ಶನಿವಾರ ಬೂದಿ ಬಣ್ಣ, ಅವರು ಹ್ಯೂಸ್ಟನ್ನಿನಲ್ಲಿ, ಬಯಲು ನಮ್ಮದು. ಅವಳು ಅದನ್ನು ಹೊರಳಿಸಿ ನೋಡಿದಳು. "ಹಾಳೆ ಆದ್ರೆ ಯಾರಾದ್ರೂ ಹರಿದು ಹಾಕ್ತಾರೆ ಅಂತ ಇದರ ಮೇಲೆ ಪ್ರಿಂಟ್ ಮಾಡಿಸಿದಾರಾ?" ಎಂದಳು. ಮೂರನೆಯ ದಿನ ಗ್ಯಾರೇಜಿನಲ್ಲಿ ಏಣಿ ಎಳೆದ ಸದ್ದು ಕೇಳಿಸಿತು. ಹೋಗಿ ನೋಡಿದರೆ, ಮೇಲಟ್ಟದಿಂದ ಕಿರೀಟ ಇಳಿಯುತ್ತಿತ್ತು.

ಬೇಸಿಗೆ ಮುಗಿಯುವ ಮುನ್ನ ಹ್ಯೂಸ್ಟನ್ನಿನ ವಧು, ನಮ್ಮ ಹೊಸ್ತಿಲಿನ ಅಕ್ಕಿ ಸೇರನ್ನು ಒದೆಯುವುದಕ್ಕೂ ಮೊದಲೇ, ನಮಗಿಂತ ದೊಡ್ಡ ಕಾನ್ಫರೆನ್ಸಿನ ಕೈ ಹಿಡಿದು ನಡೆದುಬಿಟ್ಟಳು. ತೆರವಾದ ಶನಿವಾರಕ್ಕೆ ಕಮಿಷನರ್ ಅವಸರದಲ್ಲಿ ಗೊತ್ತುಮಾಡಿದ್ದು ಯಾರನ್ನು? ನಿಂಬೆ ಪಾನಕದವರನ್ನು. ಅವರ ಮೈದಾನಕ್ಕೆ ದೀಪವಿಲ್ಲ. ಆದ್ದರಿಂದ ಪಂದ್ಯ ಎಲ್ಲಿ? ನಮ್ಮ ತವರಿನಲ್ಲಿ. ಯಾವ ಶನಿವಾರ? ನಾನು ಹೇಳಬೇಕಾಗಿಲ್ಲ. ನನ್ನ ಬೇಡಿಕೆ ಏನಾಯಿತೆಂದು ಕಮಿಷನರನ್ನು ಫೋನಿನಲ್ಲಿ ಕೇಳಿದೆ. "ಹಾಲ್ ಸಿಕ್ಕ ಶನಿವಾರ ಮಾಡುವ ಹಬ್ಬ ತಾನೇ, ಪ್ರೊಫೆಸರ್," ಎಂದರು. ಈ ಒಂದು ವಾಕ್ಯವನ್ನು ನಾನು ಚಿತೆಯವರೆಗೂ ಒಯ್ಯುವವನಿದ್ದೇನೆ.

ಸುದ್ದಿ ಕೇಳಿ ವಿಮಲ ಕೈಯಲ್ಲಿದ್ದ ಕಿರೀಟಕ್ಕೆ ಜರಿ ಅಂಟಿಸುವುದನ್ನು ನಿಲ್ಲಿಸಲಿಲ್ಲ. "ಬೇರೆ ದಿನ ಹಾಲ್ ಇಲ್ಲ. ರಂಗನಾಥ ಮೀಸೆ ಬೇರೆ ಬಿಟ್ಟಾಗಿದೆ. ಆಡ್ತೀವಿ. ಕುರ್ಚಿಗಳಿಗೇನು, ಒಂದ್ಸಲ ನೋಡಿದ ನಾಟಕ, ಅರ್ಥ ಆಗತ್ತೆ."

ಆ ಶನಿವಾರ ಬಂತು. ಹೊಗೆ ಬಂತು, ಸಾಸೇಜು ಬಂತು, ನೇರಳೆ ಅಂಗಿಯ ಜನಸಾಗರ ಬಂತು. ಬೆಳಿಗ್ಗೆಯೇ ಬಂದು ಕಾರು ನಿಲ್ಲಿಸಿಕೊಂಡ ಕೆಲವೇ ಮನೆಯವರನ್ನು ಬಿಟ್ಟರೆ ಉಳಿದ ಕನ್ನಡಿಗರು ಫೋನಿನಲ್ಲಿ ಕೈಮುಗಿದ ಚಿತ್ರಗಳನ್ನು ಕಳಿಸಿದರು. ಪರದೆ ಸರಿಯಿತು. ರಾಣಿ ಸಿಂಹಾಸನದಲ್ಲಿ ಕುಳಿತಳು, ಮಂತ್ರಿ ಮೊದಲ ಮಾತು ಆಡಿದ. ಆಗ ಗುಡುಗಿತು.

ಮಿಂಚು ಹತ್ತಿರ ಸುಳಿದರೆ ಪಂದ್ಯ ನಿಲ್ಲಿಸಿ, ನೋಡುಗರೆಲ್ಲರೂ ಬಳಿಯ ಕಟ್ಟಡಗಳಿಗೆ ಹೋಗಬೇಕೆಂದು ಧ್ವನಿವರ್ಧಕದಲ್ಲಿ ಸಾರುವುದು ಈ ಆಟದ ಕಟ್ಟಳೆ. ಬಳಿಯ ಕಟ್ಟಡ ನಮ್ಮದು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೇರಳೆಯ ಪ್ರವಾಹ ಗೋಡೆಗೆ ಒತ್ತಿತು. ಮೈಗೆಲ್ಲಾ ಬಣ್ಣ ಬಳಿದುಕೊಂಡವರು, ಸ್ಪಂಜಿನ ದೈತ್ಯ ಹಸ್ತ ತೊಟ್ಟವರು, ಬ್ಯಾಂಡಿನ ಡೋಲಿನವರು, ತೊಯ್ದು ತೊಪ್ಪೆಯಾಗಿ ಒಳಬಂದರು. "ನಾಟಕ ನಡೆಯುತ್ತಿದೆ!" ಎಂದು ನಾನು ಗರ್ಜಿಸಿದೆ. ಬಾಗಿಲಿನಷ್ಟೇ ಎತ್ತರದ ಒಬ್ಬಾತ ಟೊಪ್ಪಿ ತೆಗೆದು, "ಕ್ಷಮಿಸಿ ಸರ್," ಎಂದು ಪಿಸುಗುಟ್ಟಿ ಮುಂದಿನ ಸಾಲಿನಲ್ಲಿ ಕುಳಿತ. ಹಿಂದೆಯೇ ಎಲ್ಲರೂ ಕುಳಿತರು. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತರು.

ಒಂದಕ್ಷರ ತಿಳಿಯದ ಆ ಜನಕ್ಕೆ ಒಂದು ಮಾತ್ರ ತಕ್ಷಣ ತಿಳಿಯಿತು: ಆ ಹೆಂಗಸು ಕೂತ ಜಾಗ ಬಿಡುವುದಿಲ್ಲ, ಇವರೆಲ್ಲ ಅವಳನ್ನು ಎಬ್ಬಿಸಲು ಬಂದಿದ್ದಾರೆ. ಸೇನಾಪತಿ ಮುಂದೆ ಹೆಜ್ಜೆ ಇಟ್ಟಾಗ ಹಿಂದಿನ ಸಾಲಿನಿಂದ, ಎದುರಾಳಿ ನುಗ್ಗಿದಾಗ ಜಾಗ ಕಾಯಿರೆಂದು ತಮ್ಮ ತಂಡಕ್ಕೆ ಕೂಗುವ ಕಂಠವೊಂದು ಎದ್ದಿತು: "ಡಿ-ಫೆನ್ಸ್!" ಡೋಲು ಎರಡು ಪೆಟ್ಟು ಹೊಡೆಯಿತು. ಇಡೀ ಸಭೆ ಕೂಗಿತು: "ಡಿ-ಫೆನ್ಸ್!" ಸೇನಾಪತಿ, ಹಗಲು ಹೊತ್ತು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವ ಸಾಧು ಮನುಷ್ಯ, ಬೆವೆತು ಮಾತು ಮರೆತ. ಪುರೋಹಿತನಿಗೆ ಶಿಳ್ಳೆ. ಅತ್ತೆಯ ಪ್ರವೇಶಕ್ಕಂತೂ ಕನ್ನಡಿಗರೂ ಟೆಕ್ಸನ್ನರೂ ಭೇದ ಮರೆತು ಒಂದಾಗಿ ಬೊಬ್ಬಿಟ್ಟರು. ವಿಮಲ ಒಂದು ಕೂಗು ಅಡಗುವವರೆಗೆ ಕಾಯುತ್ತಿದ್ದಳು, ಗದ್ದವನ್ನು ಕೂದಲೆಳೆಯಷ್ಟು ಎತ್ತುತ್ತಿದ್ದಳು, ಆಮೇಲೆ ಮುಂದಿನ ಮಾತು ಆಡುತ್ತಿದ್ದಳು. ಇಷ್ಟು ವರ್ಷ ಅವಳೊಡನೆ ಬಾಳಿದ ನನಗೂ ಆ ಮುಖ ಹೊಸತಾಗಿತ್ತು.

ರಾಜ ಬಂದು ತಡವರಿಸುತ್ತಿರುವಾಗ ಹೊರಗಿನ ಧ್ವನಿವರ್ಧಕ ಪಂದ್ಯ ಮತ್ತೆ ಶುರುವಾಗುವುದೆಂದು ಸಾರಿತು. ಅವಳ ಮುಂದೆಯೇ ಕುರ್ಚಿಗಳು ಮತ್ತೆ ಬರಿದಾಗುವುದನ್ನು ನೋಡಲಾರೆನೆಂದು ಕಣ್ಣು ಮುಚ್ಚಿದೆ. ಕುರ್ಚಿಗಳ ಸದ್ದಿಲ್ಲ. ಕಣ್ಣು ತೆರೆದಾಗ ಬಾಗಿಲಿನೆತ್ತರದ ಆ ಮನುಷ್ಯ ಹಿಂದೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟಿದ್ದ. ಒಬ್ಬರೂ ಏಳಲಿಲ್ಲ. ರಂಗನಾಥ ಮಂಡಿಯೂರಿದ. ವಿಮಲ ಅವನನ್ನು ಒಂದಷ್ಟು ಹೊತ್ತು ಹಾಗೇ ಇಟ್ಟು, ಸಿಂಹಾಸನದಿಂದ ಎದ್ದಳು. ಆಗ ಎದ್ದ ಆರ್ಭಟಕ್ಕೆ ನನ್ನ ಕಿವಿಯ ಯಂತ್ರ ಶರಣಾಯಿತು.

ಕಮಿಷನರೂ ಆ ಗುಂಪಿನಲ್ಲಿದ್ದರು. ನನ್ನನ್ನು ದಾಟಿ ನೇರವಾಗಿ ವಿಮಲಳ ಕೈ ಕುಲುಕಿ, ಈ ವರ್ಷ ನಮ್ಮ ಕಾನ್ಫರೆನ್ಸಿನ ಯಾವ ತಂಡವೂ ಹೀಗೆ ಜಾಗ ಕಾಯ್ದುಕೊಂಡಿಲ್ಲವೆಂದರು. ನನ್ನನ್ನು ದಾಟಿ ಹೋದುದನ್ನು ಗಮನಿಸಿಕೊಂಡಿದ್ದೇನೆ. ಚೇತನ್ ಓಡಿಬಂದ: "ಆಂಟಿ, ಸೂಪರ್! ಮುಂದಿನ ವರ್ಷಾನೂ ಮ್ಯಾಚ್ ಇರೋ ದಿನಾನೇ ಇಟ್ಕೊಳ್ಳೋಣ. ಅಂಕಲ್ ಕಮಿಟೀಲಿ ಇದಾರಲ್ಲ, ಅರೇಂಜ್ ಮಾಡಿಸ್ತಾರೆ."

ಆ ಮ್ಯಾಗ್ನೆಟ್ಟಿನಲ್ಲಿರುವ ಕಾಲೇಜುಗಳಲ್ಲಿ ಅರ್ಧ ಈಗ ಬೇರೆ ಬೇರೆ ಕಾನ್ಫರೆನ್ಸುಗಳ ಸೊಸೆಯಂದಿರು. ಆ ಶನಿವಾರದ ಚೌಕ ಇಂದಿಗೂ, ನಮ್ಮ ತಂಡ ಹ್ಯೂಸ್ಟನ್ನಿನಲ್ಲಿದೆಯೆಂದು ಬೂದಿ ಬಣ್ಣದಲ್ಲಿ ಸುಳ್ಳು ಹೇಳುತ್ತದೆ. ಅದರ ಮೇಲೆ ವಿಮಲ ಒಂದು ಕುಂಕುಮದ ಬೊಟ್ಟು ಇಟ್ಟಿದ್ದಾಳೆ; ಅಳಿಸಿಹೋದಂತೆಲ್ಲ ಮತ್ತೆ ಇಡುತ್ತಾಳೆ. ನಾನು ನಿವೃತ್ತನಾಗುವ ಮುನ್ನ, ಅವಳ ಹೊಸ ನಾಟಕ ಸಿದ್ಧವಾಗುತ್ತಿರುವಾಗ, ಪಾರ್ಕಿಂಗ್ ಖಾಲಿ ಇರುವ ಶನಿವಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದ ನಾನು ಆಸ್ಟಿನ್ನಿನ ಅದೇ ಹೋಟೆಲಿನಲ್ಲಿ ಎದ್ದು ನಿಂತು, ಅಂಕಿಅಂಶಶಾಸ್ತ್ರವೆಂದು ತಿದ್ದಿ, ನವೆಂಬರಿನಲ್ಲಿ ನಮಗೊಂದು ತವರಿನ ಪಂದ್ಯ ಬೇಕೆಂದು ಕೇಳಿದೆ. ಅದೇ ಹಬ್ಬಕ್ಕೋ ಎಂದರು. ಅದೇ ಹಬ್ಬಕ್ಕೆಂದೆ. ಕೊಟ್ಟರು.

ಹೊಸ ಮ್ಯಾಗ್ನೆಟ್ ತಂದು ಹಳೆಯದರ ಪಕ್ಕದಲ್ಲಿ ಅಂಟಿಸಿ, ನೇರಳೆಯ ಚೌಕವನ್ನು ಹೆಮ್ಮೆಯಿಂದ ತೋರಿಸಿದೆ. ವಿಮಲ ಒಗ್ಗರಣೆಯ ಸೌಟು ಹಿಡಿದೇ ಬಂದು ನೋಡಿದಳು. "ಪಂದ್ಯ ಕೊಡಿಸಿದ್ರಿ, ಸರಿ," ಎಂದಳು. "ಸಿಡಿಲಿಗೆ ಯಾರನ್ನ ಕೇಳ್ತೀರಿ?"

ಆ ಸಮಿತಿಯಲ್ಲಿ ನನಗಿನ್ನೂ ಸ್ಥಾನ ಸಿಕ್ಕಿಲ್ಲ.